ಕಣ್ಣೆದುರಿನ ಕಂಬಿ

ಫೆಬ್ರವರಿ 2, ಭಾನುವಾರ. ಬೆಳಿಗ್ಗೆ

ಅಕ್ಷಯ್‌ಗೆ ಡ್ರಾಪ್ಸ್ ಹಾಕಿದೆ. ಎಡಗಣ್ಣಿನ ಪಟ್ಟಿ ಬದಲಿಸಿದೆ. ಗಂಜಿ, ಚಟ್ನಿ. ಅವನು ತಿಂದ. ನಾನೂ ತಿಂದಿರಬೇಕು — ಎರಡು ತಟ್ಟೆ ತೊಳೆದ ನೆನಪು.

ಇವತ್ತಿನಿಂದ ಮತ್ತೆ ಡ್ಯೂಟಿ. ಥುಮಾಮಾದ ಮನೆಯಿಂದ ರಯ್ಯಾನ್ ದಾಟಿ ಮರಳುಗಾಡಿನ ರೇಸ್ ಕ್ಲಬ್ಬಿಗೆ. ದಾರಿಯಲ್ಲಿ ಏನು ನೋಡಿದೆನೋ ಗೊತ್ತಿಲ್ಲ.

ವರ್ಕ್‌ಶಾಪಿನಲ್ಲಿ ಅಕ್ಷಯ್ ಓಡಿಸುತ್ತಿದ್ದ ಕಾರು. ತೊಳೆದಿಟ್ಟಿದ್ದಾರೆ. ಸ್ಪ್ರಿಂಟ್ ಕಾರು ಅಂದರೆ ಇಷ್ಟೇ: ನಾಲ್ಕು ಬತ್ತಲೆ ಚಕ್ರ, ತಲೆಯ ಮೇಲೊಂದು ದೊಡ್ಡ ರೆಕ್ಕೆ, ನಡುವೆ ಪೈಪಿನ ಗೂಡು, ಗೂಡಿನಲ್ಲಿ ಒಬ್ಬ ಮನುಷ್ಯ. ಮುಖದ ಮುಂದೆ ಬರೀ ತಂತಿಜಾಲರಿ. ಅದು ಮಣ್ಣು, ಕಲ್ಲು ತಡೆಯುತ್ತದೆ. ಜನವರಿಯ ರೇಸಿನಲ್ಲಿ ಮುಂದಿದ್ದ ಕಾರಿನ ರಾಡ್ ಮುರಿದು ಹಾರಿ ಬಂತು. ಅದನ್ನು ಜಾಲರಿ ತಡೆಯಲಿಲ್ಲ.

ಮ್ಯಾನೇಜರ್ ವೆಂಕಟರಾಮು ಸರ್ ತಾವೇ ಕುರ್ಚಿ ಎಳೆದು ಕೊಟ್ಟರು. ಬೆಂಗಳೂರಿನವರು, ಒಳ್ಳೆಯವರು.

"ನೋಡಮ್ಮಾ, ಡಿಸೈನ್ ನಿಮ್ದು, ರೇಸ್‌ಗೆ ಮುಂಚೆ ಕಾರ್ ಪಾಸ್ ಮಾಡೋರೂ ನೀವೇ. ಮುಂದ್ಗಡೆ ಏನಾದ್ರೂ ಹಾಕ್ಲೇಬೇಕು. ಆದ್ರೆ ಲುಕ್ ಹಾಳಾದ್ರೆ ಮೆಂಬರ್ಸ್ ಒಪ್ಪಲ್ಲ. ನಿಮ್ ಯಜಮಾನ್ರ ಕಾರು, ನಿಮ್ಗೆ ಕಷ್ಟ ಅನ್ಸಿದ್ರೆ ಬೇರೆಯವ್ರ ಕೈಲಿ…"

"ನಾನೇ ಮಾಡ್ತೇನೆ ಸರ್."

ಕಂಪ್ಯೂಟರ್ ಆನ್ ಮಾಡಿದೆ. ಪಾಸ್‌ವರ್ಡ್ ನೆನಪಿತ್ತು.

ಫೆಬ್ರವರಿ 11

ಮೊದಲ ಡಿಸೈನ್‌ನಲ್ಲಿ ಮುಖದ ಸುತ್ತ ದಪ್ಪ ಬಳೆ. ಗಟ್ಟಿ, ಆದರೆ ಕಾರು ರಾಕೆಟ್ಟಿನ ಹಾಗೆ ಕಾಣುತ್ತದೆ. ಬಿಟ್ಟೆ. ಎರಡನೆಯದು ಒಂದೇ ಕಂಬಿ, ನೆಟ್ಟಗೆ, ನಟ್ಟನಡುವೆ, ಗೂಡಿನ ಮೇಲಿನಿಂದ ಕೆಳಗಿನವರೆಗೆ. ಕಪ್ಪು ಬಣ್ಣ. ದೂರದಿಂದ ಹಳೆಯ ಕಾರೇ. ಅದನ್ನು ಅಕ್ಷಯ್ ಕಾರಿಗೆ ಜೋಡಿಸಿ, ಒಳಗೆ ಕೂತು ನೋಡಿದೆ. ತುಸು ಹೊತ್ತಿಗೆ ಕಂಬಿ ಇದೆ ಅನ್ನುವುದೇ ಮರೆತುಹೋಗುತ್ತದೆ. ಆಚೆ ಎಲ್ಲ ಕಾಣುತ್ತದೆ.

ಖುಷಿಯಾಗಬೇಕಿತ್ತು.

ಫೆಬ್ರವರಿ 14, ಶುಕ್ರವಾರ

ಅಕ್ಷಯ್ ಬಂದ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ವರ್ಕ್‌ಶಾಪಿಗೆ. ರಸ್ತೆಯಲ್ಲಿ ಕಾರು ಓಡಿಸಬಹುದು ಎಂದಿದ್ದಾರೆ ಡಾಕ್ಟರ್. ರೇಸಿನ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಇವನು ಮಾತ್ರ ಏಪ್ರಿಲ್ ರೇಸಿಗೆ ರೆಡಿ ಅನ್ನುತ್ತಾನೆ.

ಕಾರಿನೊಳಗೆ ಕೂತ. ಸ್ಟೇರಿಂಗ್ ಹಿಡಿದ. ಬೇಗ ಇಳಿದುಬಿಟ್ಟ.

"ಹೇಗುಂಟು?"

"ಚಂದ ಇಲ್ಲ."

ಅಷ್ಟೇ.

ಫೆಬ್ರವರಿ 21, ಶುಕ್ರವಾರ

ಮೀಟಿಂಗ್. ಒಬ್ಬ ಮೆಂಬರ್ ಹೇಳಿದ — ಇದು ಜೈಲು. ಇನ್ನೊಬ್ಬ — ಜನ ಬರುವುದೇ ಡ್ರೈವರ್ ಹೆಲ್ಮೆಟ್ ನೋಡಲು, ಅವನ ಕೈ ಸ್ಟೇರಿಂಗ್ ಜೊತೆ ಕುಸ್ತಿ ಆಡುವುದನ್ನು ನೋಡಲು, ಅದನ್ನೇ ಮುಚ್ಚಿದರೆ ಉಳಿಯಿತೇನು? ಸುಳ್ಳಲ್ಲ. ನಾನೂ ಅದನ್ನು ನೋಡಿಯೇ ಈ ಕೆಲಸಕ್ಕೆ ಬಂದವಳು.

ಎಲ್ಲರೂ ಅಕ್ಷಯ್ ಕಡೆ ತಿರುಗಿದರು. ಎದ್ದು ನಿಂತ.

"ನನಗೆ ಬೇಡ. ಹಳೇ ಲುಕ್ಕೇ ಇರ್ಲಿ."

ನನಗೆ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. ನನ್ನದೇ ದನಿ ಕೇಳಿಸಿತು: "ಕಂಬಿ ಇಲ್ಲದ ಕಾರನ್ನು ನಾನು ಪಾಸ್ ಮಾಡುವುದಿಲ್ಲ."

ವೆಂಕಟರಾಮು ಸರ್ ಫೈಲ್ ಮುಚ್ಚಿದರು. "ಖಲಾಸ್. ಕಂಬಿ ಇರತ್ತೆ."

ಮನೆಯವರೆಗೆ ಬರೀ ಕಾರಿನ ಏಸಿ ಸದ್ದು.

ಮಾರ್ಚ್ 12

ರಂಜಾನ್. ಡ್ಯೂಟಿ ಬೇಗ ಮುಗಿಯುತ್ತದೆ. ಮನೆಗೆ ಬಂದು ಮಾಡುವುದೇನೂ ಇಲ್ಲ. ಅಕ್ಷಯ್ ಮನ್ಸೂರಾದಲ್ಲಿ ಅವನ ಅಣ್ಣ ಯತಿರಾಜಣ್ಣನ ರೂಮಿನಲ್ಲಿದ್ದಾನೆ. ಜಗಳ ಆಡಿ ಹೋದದ್ದಲ್ಲ. ಬ್ಯಾಗ್ ಹಿಡಿದು "ನಾಲ್ಕು ದಿನ ಇದ್ದು ಬರ್ತೇನೆ" ಅಂದ. ನಾನು ಚಾರ್ಜರ್ ನೆನಪಿಸಿದೆ.

ಯತಿರಾಜಣ್ಣ ಫೋನ್ ಮಾಡಿದ್ದರು. "ಊಟ ಮಾಡ್ತಾನೆ, ಮಲಗ್ತಾನೆ. ಮಾತು ಇಲ್ಲ. ನೀನು ಒಮ್ಮೆ ಬಾ ಮಾರಾಯ್ತಿ."

"ಕೆಲಸ ಉಂಟು ಅಣ್ಣ."

ಮಾರ್ಚ್ 19. ಮಧ್ಯಾಹ್ನ

ಎಲ್ಲ ಕಾರುಗಳಿಗೂ ಕಂಬಿ ಬೆಸುಗೆ ಆಯಿತು. ಒಂದೊಂದರಲ್ಲೂ ಕೂತು ನೋಡುತ್ತಿದ್ದೆ. ಹೊರಗೆ ಧೂಳುಗಾಳಿ. ಎಡಗಣ್ಣಿಗೆ ಮರಳು ಬಿತ್ತು. ಅಂಗೈಯಿಂದ ಮುಚ್ಚಿಕೊಂಡೆ.

ಕಂಬಿ ಗೋಡೆಯಾಯಿತು.

ಕೈ ತೆಗೆದೆ. ಕಂಬಿ ಇಲ್ಲ. ಮುಚ್ಚಿದೆ. ಇದೆ. ಸರಿಯಾಗಿ ಎಡಗಡೆಯನ್ನೇ ನುಂಗುತ್ತದೆ. ಟ್ರ್ಯಾಕಿನಲ್ಲಿ ಇರುವುದೆಲ್ಲ ಎಡ ತಿರುವೇ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತೋರಿಸುತ್ತದೆ. ಅದಕ್ಕೇ ನಮಗೆ ಕಂಬಿ ಮಾಯ. ಅವನಿಗೆ ಇನ್ನೊಂದು ಕಣ್ಣಿಲ್ಲ.

ಫೆಬ್ರವರಿಯಲ್ಲಿ ಕೂತ. ಬೇಗ ಇಳಿದ. ಚಂದ ಇಲ್ಲ ಅಂದ.

ಯಾರೋ ಬಂದು "ಮೇಡಂ, ಓಕೆನಾ?" ಎಂದು ಕೇಳುವವರೆಗೂ ಅಲ್ಲೇ ಕೂತಿದ್ದೆ.

ಮಾರ್ಚ್ 21, ಶುಕ್ರವಾರ

ಮನ್ಸೂರಾ. ಯತಿರಾಜಣ್ಣ ಸಾಮಾನು ತರುವ ನೆವ ಹೇಳಿ ಹೊರಗೆ ಹೋದರು.

"ನಿನಗೆ ಗೊತ್ತಿತ್ತಲ್ಲ. ತಿರುವು ಕಾಣುದಿಲ್ಲ ಅಂತ."

"ಕೂತ ಕೂಡ್ಲೇ ಗೊತ್ತಾಯ್ತು."

"ಮತ್ತೆ ಲುಕ್ ಅಂತ ಯಾಕೆ ಹೇಳಿದ್ದು?"

"ಎಂತ ಹೇಳುದು? ಅಷ್ಟು ಜನರ ಎದುರು ನನಗೆ ಕಾಣುದಿಲ್ಲ ಅಂತ ಹೇಳುದಾ?"

ಎರಡು ದಿನದಿಂದ ಕಂಬಿಯನ್ನು ಆಚೆ ಈಚೆ ಸರಿಸಿ ಡ್ರಾಯಿಂಗ್ ಮಾಡಿದ್ದನ್ನು ಹೇಳಿದೆ. ಎತ್ತ ಸರಿಸಿದರೂ ಒಂದು ಕಡೆ ರಾಡ್ ನುಗ್ಗುವಷ್ಟು ಜಾಗ ಬಿಡುತ್ತದೆ.

"ನನ್ನ ಕಾರಿಗೆ ಮಾತ್ರ ತೆಗೀತಿಯಾ?"

ಕೇಳಿದ್ದು ಮೆತ್ತಗೆ. ಕಾಲೇಜಿನಲ್ಲಿ ಒಂದೇ ಕ್ಲಾಸಿನಲ್ಲಿದ್ದಾಗಿನಿಂದ ಇವನು ನನ್ನ ಹತ್ತಿರ ಏನನ್ನೂ ಹೀಗೆ ಕೇಳಿದವನಲ್ಲ.

"ಇಲ್ಲ."

ಅವನ ಬಲಗಣ್ಣು ಒದ್ದೆಯಾಗಿತ್ತು. ಪಟ್ಟಿಯ ಕೆಳಗೆ ಎಡಗಣ್ಣಿಗೂ ನೀರು ಬರುತ್ತದೋ ಏನೋ. ಎದ್ದು ಹೋಗಿ ಚಾ ಮಾಡಿದ. ಸಕ್ಕರೆ ಹಾಕಲು ಮರೆತಿದ್ದ. ಕುಡಿದೆವು.

ಏಪ್ರಿಲ್ 3

ಈದ್ ರಜೆ ಮುಗಿಯಿತು. ಅಕ್ಷಯ್ ಮನೆಗೆ ಬಂದ. ಬ್ಯಾಗ್ ಇನ್ನೂ ಬಾಗಿಲ ಹತ್ತಿರವೇ ಇದೆ.

ಏಪ್ರಿಲ್ 11, ಶುಕ್ರವಾರ. ಸಂಜೆ 4

ಟ್ರ್ಯಾಕ್ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಎಲ್ಲ ಕಾರು ಪಾಸ್. ಅಕ್ಷಯ್ ಕಾರನ್ನು ಹೊಸಬ ಒಬ್ಬ ಓಡಿಸುತ್ತಾನೆ. ಅವನ ಬೆಲ್ಟ್ ಬಿಗಿದದ್ದು ಅಕ್ಷಯ್. ಎಳೆದು ನೋಡಿದ, ಮತ್ತೆ ಎಳೆದು ನೋಡಿದ. ಕಂಬಿಯ ಮೇಲೆ ಕೈ ಇಟ್ಟ. ತೆಗೆದ.

ಗ್ಯಾಲರಿ ತುಂಬಿದೆ. "ಕಂಬಿ ಯಾರ್ ಕಣ್ಣಿಗೂ ಬಿದ್ದಿಲ್ಲ ನೋಡಮ್ಮಾ" ಎಂದರು ವೆಂಕಟರಾಮು ಸರ್. ಹೆಲ್ಮೆಟ್‌ಗಳು ಕಾಣುತ್ತಿವೆ. ಕೈಗಳೂ.

ಹಸಿರು ಬಾವುಟ. ಧೂಳು. ಅಕ್ಷಯ್ ಪಕ್ಕಕ್ಕೆ ಬಂದ. ಒಮ್ಮೆ ಎಡಕ್ಕೆ ನಿಂತ, ಒಮ್ಮೆ ಬಲಕ್ಕೆ. ಏನೋ ಕೇಳುತ್ತಿದ್ದಾನೆ, ಸದ್ದಿಗೆ ಕೇಳಿಸುತ್ತಿಲ್ಲ. ಬಾಗಿ ಕಿವಿಗೆ ಬಾಯಿಟ್ಟು ಕೂಗಿದ:

"ನನಗೆ ಕಾಣುದಿಲ್ಲ. ಯಾರು ಮುಂದೆ ಇದ್ದಾರೆ, ನೀನು ಹೇಳು!"

ಬರೆದದ್ದು ಸಾಕು, ಹೇಳಬೇಕು. ಮೊದಲ ತಿರುವಿನಲ್ಲಿ ಕೆಂಪು ಕಾರು, ಅದರ ಹಿಂದೆ…