ಅತ್ತೆಯ ಕಿಟಕಿಯ ಪಾರಿವಾಳ

ಜೆರುಸಲೇಮ್, ಭಾನುವಾರ

ಡಿಮೋನಾದ ನನ್ನಜ್ಜಿಗೆ,

ನಗು ತಡೆಯಲಾಗದೆ ಅಕ್ಷರ ಸೊಟ್ಟಗಾಗುತ್ತಿದೆ. ನಮ್ಮತ್ತೆ ಫ್ರೆಹಾ ಮೂರು ತಿಂಗಳಿಂದ ಪೊರಕೆ ಹಿಡಿದು ಓಡಿಸುತ್ತಿದ್ದ ಕಾಡುಪಾರಿವಾಳ ಅಡುಗೆಮನೆಯ ಕಿಟಕಿಯಲ್ಲಿ ಎರಡು ಮೊಟ್ಟೆ ಇಟ್ಟಿದೆ! ತಾಯಿಹಕ್ಕಿಯನ್ನು ಹಾರಿಬಿಟ್ಟು ಆಮೇಲೆ ಮೊಟ್ಟೆ ಎತ್ತಿಕೊಂಡವರಿಗೆ ದೀರ್ಘಾಯುಸ್ಸು ಎಂದು ನಮ್ಮ ಧರ್ಮಗ್ರಂಥ ತೋರಾದಲ್ಲಿದೆಯಲ್ಲ, ಇಡೀ ಓಣಿಯೇ ನಮ್ಮ ಮೆಟ್ಟಿಲ ಮೇಲೆ ಸಾಲುಗಟ್ಟಿದೆ. ಹಗಲಲ್ಲಿ ಕಾವು ಕೂರುವುದು ಗಂಡುಹಕ್ಕಿಯಂತೆ, ಅದನ್ನು ಹಾರಿಸಿದರೆ ಫಲವಿಲ್ಲ; ಅದಕ್ಕೇ ಸರದಿ ಮುಂಜಾನೆ ಮತ್ತು ಸಂಜೆ ಮಾತ್ರ. ಒಬ್ಬರು ಹಕ್ಕಿ ಹಾರಿಸಿ, ಮೊಟ್ಟೆ ಎತ್ತಿ, ಮತ್ತೆ ಅಲ್ಲೇ ಇಡುತ್ತಾರೆ. ತಾಯಿ ಮರಳಿ ಕೂತ ಮೇಲೆ ಮುಂದಿನವರು.

ತೊಂಬತ್ತು ದಾಟಿದ ಶಬ್ತಾಯ್ ತಾತ ಎರಡನೇ ಸಲ ಬಂದರು.

"ನಿಮಗಿನ್ನೆಷ್ಟು ಆಯುಸ್ಸು ಬೇಕು ತಾತಾ? ಎಳೆಯರಿಗೂ ಒಂಚೂರು ಉಳಿಸಿ!" ಎಂದರು ಅತ್ತೆ.

"ಮೂರು ತಿಂಗಳು ದಿನಾ ಓಡಿಸಿದ್ದೀಯಲ್ಲಮ್ಮ, ನಮ್ಮನ್ನೆಲ್ಲ ಮಣ್ಣು ಮಾಡಿಯೇ ನೀನು ಹೋಗೋದು!"

ನಾನು ಆರಾಮ, ವಾಂತಿ ನಿಂತಿದೆ. "ಮರಿಮಗು ನೋಡೋ ತನಕ ಇರ್ತೀನೋ ಇಲ್ವೋ" ಎಂದು ಬರೆದಿದ್ದೆಯಲ್ಲ? ಗುರುವಾರ ಸಂಜೆಯ ಸರದಿ ನಿನ್ನದು. ಬಿ.ಪಿ. ಮಾತ್ರೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತು. ಪಾರಿವಾಳ ನಿನಗೆ ಉಳಿಯಲಿ ಎಂದು ಅತ್ತೆ ಈಗ ಅದೇ ಪೊರಕೆಯಿಂದ ಜನರನ್ನು ಓಡಿಸುತ್ತಿದ್ದಾರೆ.

ಒಸ್ನಾತ್