ಗುಡಿಸಬಾರದ ಚೌಕ

ಅಕ್ಕಾ,

ವಿಜ್ಞಾನದ ಮೇಷ್ಟ್ರು ತಲೆತಗ್ಗಿಸಿ ಮಾಡುವ ನಮಸ್ಕಾರ. ಎದುರು ನಿಂತು ಹೇಳುವ ಧೈರ್ಯವಿಲ್ಲ, ಅದಕ್ಕೇ ಈ ಕಾಗದ. ಬೇರೆ ಶಾಲೆಗೆ ಹೋಗುತ್ತೇನೆಂದು ನೀವು ಕೊಟ್ಟ ಅರ್ಜಿಗೆ ಹೆಡ್‌ಮೇಷ್ಟ್ರು ನಾಳೆ ಸಹಿ ಹಾಕುತ್ತಾರಂತೆ. ಅಷ್ಟರೊಳಗೆ ಇದನ್ನು ಓದಿಬಿಡಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ನೀವು ದಿನಾ ಗುಡಿಸುವ ಶಾಲೆಯ ಕಲ್ಲು ಹಾಸಿದ ಅಂಗಳದಲ್ಲೂ ಎಷ್ಟು ಜೀವಗಳು ಬದುಕುತ್ತವೆಂದು ಏಳನೇ ತರಗತಿಗೆ ತೋರಿಸುವ ಹುಮ್ಮಸ್ಸು ನನಗೆ. ನಲ್ಲಿಯ ಪಕ್ಕ ಸುಣ್ಣದಲ್ಲಿ ಚೌಕ ಬರೆಸಿ, 'ಒಂದು ತಿಂಗಳು ಇಲ್ಲಿ ಮಾತ್ರ ಗುಡಿಸ್ಬೇಡಿ ಅಕ್ಕಾ' ಎಂದೆ. ನೀವು ಚೌಕವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ 'ಆಯ್ತು ಬಿಡಿ ಮೇಷ್ಟ್ರೇ' ಅಂದಿರಿ. ನನ್ನ ಹೆಂಡತಿಯೂ ಇದೇ ಧಾಟಿಯಲ್ಲಿ ಆಯ್ತು ಬಿಡಿ ಅನ್ನುತ್ತಾಳೆ, ಆಮೇಲೆ ತನಗೆ ಸರಿ ಕಂಡದ್ದನ್ನೇ ಮಾಡುತ್ತಾಳೆ. ನನಗೆ ಆಗಲೇ ಹೊಳೆಯಬೇಕಿತ್ತು.

ಮಕ್ಕಳು ದಿನಾ ಭೂತಗನ್ನಡಿ ಹಿಡಿದು ಬೋರಲು ಮಲಗಿ ಎಣಿಸಿದರು. ಹುಲ್ಲು ಸೊನ್ನೆ, ಇರುವೆ ಸೊನ್ನೆ, ಪಾಚಿ ಸೊನ್ನೆ. ಅಂಗಳದ ಬೇರೆ ಕಡೆಯಾದರೂ ನಾಲ್ಕು ಇರುವೆ ಓಡಾಡುತ್ತಿದ್ದವು. ಹನ್ನೆರಡನೇ ದಿನ ನಾನು ಗಡ್ಡ ಕೆರೆದುಕೊಂಡು, 'ಇಲ್ಲಿ ಮಣ್ಣೇ ವಿಷವಾಗಿದೆ' ಎಂದು ಘೋಷಿಸಿದೆ. ತಪಾಸಣೆಗೆ ಬಂದ ಸಾಹೇಬರಿಗೂ ಅರ್ಧ ಗಂಟೆ ಅದನ್ನೇ ಕೊರೆದೆ. ಪಾಪ, ಅವರು ನಮ್ಮ ಶಾಲೆಯ ಚಹಾ ಮುಟ್ಟದೆ ಹೋದರು.

ಮರುದಿನ ಬೇಗ ಬಂದವನು ಕಂಡದ್ದೇನು? ನೀವು ಕುಕ್ಕರಗಾಲಲ್ಲಿ ಕುಳಿತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೌಕದ ಸಂದುಸಂದನ್ನೂ ಉಜ್ಜುತ್ತಿದ್ದಿರಿ. ಸುಣ್ಣದ ಗೆರೆ ಮಾತ್ರ ಅಳಿಸದಂತೆ ಜೋಪಾನ ಮಾಡಿದ್ದಿರಿ! ನನ್ನ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಬಂದು ಸೇರಿದ್ದ ಮಕ್ಕಳೆದುರೇ ಬಾಯಿಗೆ ಬಂದಂತೆ ಕೂಗಾಡಿದೆ. ನೀವು ಹೇಳಿದ್ದು ಇಷ್ಟೇ: 'ದೊಡ್ಡೋರೆಲ್ಲ ಬಂದು ನೋಡೋ ಜಾಗ. ಅಲ್ಲೇ ಕಸ ಇದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು ಮೇಷ್ಟ್ರೇ?' ಅದನ್ನು ಕೇಳಿಯೂ ನಾನು ಬಾಯಿ ಮುಚ್ಚಲಿಲ್ಲ. ನೀವು ಬ್ರಷ್ಷು ಅಲ್ಲೇ ಇಟ್ಟು ಎದ್ದು ಹೋದಿರಿ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನೀವು ರಜೆ ಹಾಕಿ ಮೂರು ವಾರವಾಯಿತು. ಚೌಕದಲ್ಲೀಗ ಮೂರು ಬಗೆಯ ಹುಲ್ಲು, ಗುಂಡುಸೂಜಿಯ ತಲೆಯಷ್ಟು ಹಳದಿ ಹೂವು, ಇರುವೆಗಳ ಮೆರವಣಿಗೆ ಎಲ್ಲವೂ ಇವೆ. ನಿನ್ನೆ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟೆ: ಈ ಅಂಗಳದಲ್ಲಿ ಏನು ಬದುಕಬೇಕು, ಏನು ಬದುಕಬಾರದು ಎಂದು ನಿರ್ಧರಿಸುವುದು ಯಾವುದು? ಬಿಸಿಲು, ನೀರು, ಮಣ್ಣು ಎಂಬ ಉತ್ತರ ನನ್ನ ತಲೆಯಲ್ಲಿತ್ತು. ಮೂವತ್ತೊಂದು ಮಕ್ಕಳು ಬರೆದದ್ದು ಒಂದೇ ಮಾತು: 'ಅಕ್ಕ.'

ತಪ್ಪು ಎಂದು ಗೀಟು ಎಳೆಯಲು ಕೈ ಬರಲಿಲ್ಲ, ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ಪಾಚಿಯಿಂದ ಮಿಡತೆಯವರೆಗೆ ಪಟ್ಟಿ ಮಾಡಿದ ನಾನು ನಿಮ್ಮನ್ನೇ ಬಿಟ್ಟಿದ್ದೆ. ಪ್ರಶ್ನೆ ಕೇಳಿ ಕೇಳಿ 'ಪೊಲೀಸಮ್ಮ' ಎಂದು ಹೆಸರಾದ ಹುಡುಗಿ, 'ಅಕ್ಕನ ಹತ್ರ ಸಾರಿ ಕೇಳಿದ್ರಾ ಸಾರ್?' ಎಂದು ನನ್ನನ್ನು ನಿಲ್ಲಿಸಿ ವಿಚಾರಿಸಿದಳು. ಕೇಳುತ್ತಿದ್ದೇನೆ ಅಕ್ಕಾ, ಕ್ಷಮಿಸಿ. ಅದೇ ಮಕ್ಕಳೆದುರು ಇನ್ನೊಮ್ಮೆ ಕೇಳುತ್ತೇನೆ.

ನಾಳೆ ಬಂದು ಆ ಅರ್ಜಿ ವಾಪಸ್ ತೆಗೆದುಕೊಳ್ಳಿ. ನೀವಿಲ್ಲದಾಗಿನಿಂದ ಅಂಗಳ ಗುಡಿಸುತ್ತಿರುವುದು ನಾನು. ಮೂಲೆಮೂಲೆಯಲ್ಲಿ ಉಳಿದ ಕಸ, ಹುಲ್ಲು ನೋಡಿ, ಪ್ರಯೋಗ ಈಗ ಇಡೀ ಶಾಲೆಗೆ ವಿಸ್ತರಿಸಿದೆ ಎಂದು ಮಕ್ಕಳು ನಂಬಿದ್ದಾರೆ.

ನಿಮ್ಮ ಮೊಣಕಾಲು ನೋಯದಿರಲಿ, ನನ್ನ ಮೇಲಿನ ಸಿಟ್ಟು ಇಳಿಯಲಿ.

ಬೈಸಿಕೊಳ್ಳಲು ಬಾಗಿಲಲ್ಲೇ ಕಾದಿರುವ
ನಿಮ್ಮ ಮೇಷ್ಟ್ರು