ಐತಿ ಅಲ್ಲ, ಇತ್ತು

೪ ಜೂನ್ ೨೦೦೬, ರವಿವಾರ. ಅಂಕಲಿ.

ಐದಕ್ಕೆ ಎದ್ದೆ. ಸ್ನಾನ, ಬುದ್ಧವಂದನೆ. ಒಂಬತ್ತನೆಯ ತರಗತಿಯ ವ್ಯಾಕರಣದ ಪಾಠಟಿಪ್ಪಣಿ ಮುಗಿಸಿದೆ. ಶೇವಂತಾ ಚಹಾ ತಂದಿಟ್ಟು ಒಳಗೆ ಹೋದಳು. ಮಾತಿಲ್ಲ. ಇದು ಮೂರನೆಯ ದಿನ.

ಪತ್ರಿಕೆಯ ಮೂಲೆಯಲ್ಲಿ ಚಿಕ್ಕ ಸುದ್ದಿ. ಸರ್ಬಿಯಾ ಮತ್ತು ಮಾಂಟೆನೆಗ್ರೊ ನಿನ್ನೆಯಿಂದ ಒಂದು ದೇಶವಲ್ಲ. ಮಾಂಟೆನೆಗ್ರೊ ಬೇರೆಯಾಗಿದೆ. ಆದರೂ ವಿಶ್ವಕಪ್ ಫುಟ್‌ಬಾಲಿನಲ್ಲಿ ತಂಡ ಹಳೆಯ ಹೆಸರಿನಿಂದಲೇ ಆಡುವುದಂತೆ. ಹನ್ನೊಂದನೆಯ ತಾರೀಖಿಗೆ ಮೊದಲ ಪಂದ್ಯ.

ಸುಮೇಧನ ತಂಡ. ಸುದ್ದಿಯನ್ನು ಕತ್ತರಿಸಿ ಈ ಡೈರಿಯಲ್ಲಿಟ್ಟೆ. ಕಾರಣ ಬರೆಯಲಾರೆ.

೫ ಜೂನ್, ಸೋಮವಾರ

ಗುರುವಾರ ನಡೆದದ್ದನ್ನು ಬರೆದಿಡುವುದು ಕರ್ತವ್ಯ.

ಸಂಜೆ ಹಾರೂಗೇರಿಯಿಂದ ಮರಳುವ ಬಸ್ಸು. ಶೇವಂತಾಳ ಪಕ್ಕದಲ್ಲಿ ಸೋನಾಬಾಯಿ ಎಂಬ ಮುದುಕಿ. ನಾನು ಮುಂದಿನ ಸೀಟಿನಲ್ಲಿ.

“ಮಕ್ಕಳೆಷ್ಟ ಬೇ ನಿನಗ?”

“ಒಬ್ಬ ಮಗ ಅದಾನ್ರಿ. ಕೊಲ್ಲಾಪುರದಾಗ ಕಾಲೇಜ್ ಕಲೀತಾನ.”

“ಚೊಲೊ ಆತ ಬಿಡು. ಲಗೂನ ಒಂದ ಸೊಸಿ ತಂದಕೋ.”

ಶೇವಂತಾ ನಕ್ಕಳು. ಆರು ತಿಂಗಳಿನಲ್ಲಿ ಮೊದಲ ಸಲ. ನಾನು ತಿರುಗಿ, ತರಗತಿಯಲ್ಲಿ ಹೇಳುವ ಅದೇ ದನಿಯಲ್ಲಿ, “ಇದ್ದಾನೆ ಅಲ್ಲ. ಇದ್ದ” ಎಂದೆ.

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶೇವಂತಾ ಕಿಟಕಿಗೆ ತಿರುಗಿದವಳು ಊರು ಬರುವವರೆಗೂ ತಿರುಗಲಿಲ್ಲ.

ವ್ಯಾಕರಣದ ದೃಷ್ಟಿಯಿಂದ ನಾನು ಹೇಳಿದ್ದು ಸರಿ. ಇದ್ದ, ಇದ್ದಾನೆ — ನಡುವೆ ಒಂದು ದೀರ್ಘ, ಒಂದು ಅಕ್ಷರ. ಹುಡುಗರು ಇಲ್ಲಿಯೇ ತಪ್ಪುತ್ತಾರೆ. ಇಪ್ಪತ್ತಾರು ವರ್ಷದಿಂದ ಕೆಂಪು ಮಸಿಯಲ್ಲಿ ತಿದ್ದುತ್ತ ಬಂದಿದ್ದೇನೆ.

೮ ಜೂನ್, ರಾತ್ರಿ ಒಂಬತ್ತು

ಅಕ್ಟೋಬರಿನ ಆ ರವಿವಾರ ಬಿಡುತ್ತಿಲ್ಲ.

ಊಟಕ್ಕೆ ಕುಳಿತಿದ್ದೆವು. ಕೊಲ್ಲಾಪುರದಿಂದ ಬಂದ ಸುಮೇಧ ನೀಲಿ ಅಂಗಿ ತೊಟ್ಟಿದ್ದ. ಎದೆಯ ಮೇಲೆ ಯುಗೋಸ್ಲಾವಿಯಾ ಎಂಬ ಇಂಗ್ಲಿಷ್ ಅಕ್ಷರಗಳು. ಹದಿಮೂರರ ವಯಸ್ಸಿನಿಂದ ಹಿಡಿದ ಹುಚ್ಚು. ಕೊಲ್ಲಾಪುರದ ಗಲ್ಲಿ ಗಲ್ಲಿಗೂ ಫುಟ್‌ಬಾಲ್. ಅಲ್ಲಿ ಕಲಿಯಲು ಹೋಗಿ ಹುಚ್ಚು ಇಮ್ಮಡಿಯಾಗಿತ್ತು.

“ಅಪ್ಪಾ, ನಮ್ಮ ಟೀಮ್ ವರ್ಲ್ಡ್ ಕಪ್ಪಿಗೆ ಹೊಕ್ಕತಿ!”

“ಯಾವ ಟೀಮು?”

“ಇದ ಐತೆಲ್ಲಾ, ಯುಗೋಸ್ಲಾವಿಯಾ.”

“ಐತಿ ಅಲ್ಲ, ಇತ್ತು. ಆ ಹೆಸರು ಅಳಿದು ಎರಡು ವರ್ಷ ಮೀರಿತು. ಉಳಿದ ಎರಡು ತುಂಡುಗಳು, ಸರ್ಬಿಯಾ ಮತ್ತು ಮಾಂಟೆನೆಗ್ರೊ, ಅವೂ ನಾಳೆ ಬೇರೆಯಾಗುತ್ತವೆ. ದೇಶವೇ ಇಲ್ಲದ ಮೇಲೆ ತಂಡ ಎಲ್ಲಿಯದು? ಸಾಧಿಸಿ ತೋರಿಸು.”

“ದೇಶ ಹೋದ್ರ ಹೋಗ್ಲಿ ಅಪ್ಪಾ. ಆಡಾವ್ರು —”

ಚಮಚದಿಂದ ಲೋಟಕ್ಕೆ ಬಡಿದೆ. ಟಣ್.

ಕಾಲೇಜಿನ ಚರ್ಚಾಕೂಟದಲ್ಲಿ ಗಂಟೆಯಾದರೆ ವಾಕ್ಯ ಅರ್ಧಕ್ಕಿದ್ದರೂ ನಿಲ್ಲಿಸಬೇಕಿತ್ತು. ಆ ಶಿಸ್ತಿನಿಂದ ಮೂರು ವರ್ಷ ಬೆಳ್ಳಿಯ ಕಪ್ ಗೆದ್ದವನು ನಾನು. ಅದೇ ಶಿಸ್ತನ್ನು ಮಗನಿಗೆ ಐದನೆಯ ವಯಸ್ಸಿನಿಂದ ಕಲಿಸಿದ್ದೆ. ಅವನು ನಿಲ್ಲಿಸಿದ. ಕೈ ತೊಳೆದು ಎದ್ದ.

ಆಮೇಲೆ ಐದು ರವಿವಾರ ಊರಿಗೆ ಬರಲಿಲ್ಲ. ಆರನೆಯದಕ್ಕೆ ಹೊರಟಿದ್ದ. ನಿಪ್ಪಾಣಿಯ ಆಚೆ, ರಸ್ತೆಯಲ್ಲಿ ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರು. ಗೆಳೆಯನ ಬೈಕು…

ಆಡಾವ್ರು — ಏನು? ಆಡುವವರು ಏನು?

೧೧ ಜೂನ್, ರವಿವಾರ

ಸಂಜೆ ಆರೂವರೆಗೆ ನೆರೆಮನೆಯ ಕಂಡಕ್ಟರ್ ಧೂಳಪ್ಪನಲ್ಲಿಗೆ ಹೋದೆ. ನಮ್ಮಲ್ಲಿ ಟಿವಿ ಇಲ್ಲ. ಸುಮೇಧನ ಪಿಯುಸಿ ಪರೀಕ್ಷೆಗೆ ನಾನೇ ತೆಗೆಸಿದ್ದೆ.

“ಬರ್ರಿ ಸರ್ರ! ಟಿವಿ ನೋಡಿದ್ರ ಹುಡುಗೂರು ಕೆಡ್ತಾವು ಅಂತಿದ್ರಿ. ಈಗ ನೀವ ಕೆಡಾಕ ಬಂದ್ರೇನ್ರಿ?”

ಒಳಗೆ ಹೋಗಿ ಕುಳಿತೆ. ರಾಷ್ಟ್ರಗೀತೆ ನುಡಿಸಿದರು — ಇಲ್ಲದ ರಾಷ್ಟ್ರದ್ದು. ಆಟಗಾರರು ಸಾಲಾಗಿ ನಿಂತಿದ್ದರು. ಗೋಲ್‌ಕೀಪರನ ಊರು ಈಗ ಬೇರೆ ದೇಶದಲ್ಲಿದೆಯಂತೆ. ಅವನೂ ಅದೇ ಸಾಲಿನಲ್ಲಿ.

“ಇದು ಯಾ ದೇಶದ ಟೀಮ್ರಿ ಸರ?”

“ಆ ದೇಶ ಈಗ ಇಲ್ಲ.”

“ದೇಶ ಇಲ್ಲಂದ್ರ ಟೀಮ್ ಹೆಂಗ ಐತ್ರಿ?”

ನನ್ನದೇ ಪ್ರಶ್ನೆ. ಅಕ್ಟೋಬರಿನದು.

ಹಾಲೆಂಡಿಗೆ ಒಂದು ಗೋಲು. ಇವರಿಗೆ ಸೊನ್ನೆ.

೧೬ ಜೂನ್, ಶುಕ್ರವಾರ

ಅರ್ಜೆಂಟೀನಾ ಆರು. ಇವರು ಸೊನ್ನೆ.

“ಆರ್ರೀ ಸರ! ಕಬಡ್ಡಿ ಆಡಾಕ ಬಂದಾರೇನ ಇವ್ರು? ಏಳ್ರಿ, ಬಂದ್ ಮಾಡ್ತೀನಿ.”

“ಇರಲಿ. ಮುಗಿಯಲಿ.”

ಆ ಗೋಲ್‌ಕೀಪರ್ ಆರು ಸಲ ಬಲೆಯಿಂದ ಚೆಂಡು ತೆಗೆದ. ಆರು ಸಲವೂ ಮತ್ತೆ ತನ್ನ ಜಾಗದಲ್ಲಿ ನಿಂತ. ಯಾರಿಗಾಗಿ?

ಮನೆಗೆ ಬಂದಾಗ ಶೇವಂತಾ ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತದೆ ಕೇಳಿದಳು, “ಗೆದ್ರೇನ್ರಿ?”

ಹದಿನೈದು ದಿನದ ಮೇಲೆ ಮೊದಲ ಮಾತು. ಡೈರಿಯಲ್ಲಿಟ್ಟ ತುಣುಕನ್ನು ನೋಡಿದ್ದಾಳೆ.

“ಸೋತರು. ಆರು ಗೋಲು.”

“ಇನ್ನೊಂದ ಆಟ ಐತೆಲ್ಲಾ ಅವರದು?”

“ಇದೆ. ಆದರೆ ಅದರಿಂದ ಪ್ರಯೋಜನವಿಲ್ಲ. ಹೊರಬಿದ್ದಾಯಿತು.”

“ಪ್ರಯೋಜನ ಇರ್ಲಿ ಬಿಡ್ಲಿ. ಐತಿಲ್ಲೋ?”

“ಐತಿ” ಎಂದೆ.

ನನ್ನ ಬಾಯಿಂದ ಆ ರೂಪ ಬಂದು ಎಷ್ಟು ಕಾಲವಾಗಿತ್ತೋ.

೨೨ ಜೂನ್, ಗುರುವಾರ

ಕೊನೆಯ ಪಂದ್ಯ ನಡುರಾತ್ರಿ ಇತ್ತು. ನೋಡಲಿಲ್ಲ. ಬೆಳಿಗ್ಗೆ ಧೂಳಪ್ಪ ಕಾಂಪೌಂಡಿನ ಆಚೆಯಿಂದ ಕೂಗಿದ:

“ನಿಮ್ಮ ಟೀಮ್ ಮತ್ತ ಸೋತ್ರಿ ಸರ. ಆದ್ರ ಮೊದಲ ಎರಡು ಗೋಲ್ ಹೊಡದಿದ್ರ ನೋಡ್ರಿ! ಏನ್ ಕುಣದಾರ! ದೇಶ ಇಲ್ಲ ಅನ್ನೂದು ನೆಪ್ಪ ಇತ್ತೋ ಇಲ್ಲೋ ಮಕ್ಕಳಿಗೆ.”

ನಿಮ್ಮ ಟೀಮ್ ಎಂದ. ತಿದ್ದಲಿಲ್ಲ.

ಹಿತ್ತಲ ತಂತಿಯ ಮೇಲೆ ನೀಲಿ ಅಂಗಿ ಒಣಗುತ್ತಿತ್ತು. ಟ್ರಂಕಿನಿಂದ ತೆಗೆದು ಶೇವಂತಾ ಒಗೆದಿದ್ದಾಳೆ. ಒಂದೆರಡು ಅಕ್ಷರ ಉದುರಿವೆ. ಉಳಿದವನ್ನು ಓದಬಹುದು.

ಊಟದ ಹೊತ್ತಿಗೆ ಚಮಚ ಲೋಟಕ್ಕೆ ತಾಗಿ ಸದ್ದಾಯಿತು. ಇಬ್ಬರೂ ತಡೆದು ನಿಂತೆವು. ಚಮಚವನ್ನು ಒಳಗಿಟ್ಟು ಬಂದೆ.

೯ ಜುಲೈ, ರವಿವಾರ

ರಾಯಬಾಗಕ್ಕೆ ಹೋಗಿ ಬಂದೆವು. ಶೇವಂತಾಳ ತಂಗಿಯ ಮನೆ. ಬಸ್ಸಿನಲ್ಲಿ ಈ ಸಲ ಒಂದೇ ಸೀಟಿನಲ್ಲಿ ಕುಳಿತೆವು. ಅವಳು ಕಿಟಕಿಯ ಕಡೆ.

ಎದುರಿನ ಸೀಟಿನಲ್ಲಿ ಭೀಮಗೊಂಡ ಎಂಬ ಹಿರಿಯರು. ಕಬ್ಬು, ಮಳೆ, ಶಾಲೆ ಎಲ್ಲ ಮಾತಾಡಿದರು. ಆಮೇಲೆ ಬರುವ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು. ಅವಳಿಗೂ. ಮಡಿಲಲ್ಲಿದ್ದ ಚೀಲವನ್ನು ಬಿಗಿಹಿಡಿದಳು.

“ಮಕ್ಕಳೆಷ್ಟ್ರಿ ಮಾಸ್ತರ್ರ?”

ಶೇವಂತಾ ಹೊರಗೆ ನೋಡುತ್ತಿದ್ದಳು. ನಾನು ಅವಸರಪಡಲಿಲ್ಲ. ಸ್ಪಷ್ಟವಾಗಿ, ಅವಳಿಗೆ ಕೇಳಿಸುವಂತೆ ಹೇಳಿದೆ: “ಒಬ್ಬ ಮಗ ಇದ್ದಾನೆ.”